ಎಣ್ಣೆ ತುಂಬಿದೆ ಅಂದಿದ್ದು

ಮೊಮ್ಮಗನ ಮುಖವನ್ನು ನಾನು ಮೊದಲು ನೋಡಿದ್ದು ಕರೆಂಟು ದೀಪದ ಬೆಳಕಿನಲ್ಲಿ. ನನ್ನ ಮಕ್ಕಳ ಮುಖವನ್ನು ಹಾಗೆ ನೋಡುವ ಭಾಗ್ಯ ನನಗಿರಲಿಲ್ಲ. ಅವರು ಹುಟ್ಟಿದಾಗ ಹೊಂಗೆ ಎಣ್ಣೆಯ ಹಣತೆ ಹಿಡಿದು, ಮೂಗು ಯಾವುದು, ನೆರಳು ಯಾವುದು ಎಂದು ಹುಡುಕುವಷ್ಟರಲ್ಲಿ ಸೂಲಗಿತ್ತಿ "ಸಾಕು ನಡೀರಿ, ಹೊಗೆ" ಎಂದು ನನ್ನನ್ನು ಆಚೆಗೆ ಕಳಿಸಿಬಿಡುತ್ತಿದ್ದಳು. ಈ ಹುಡುಗನದಾದರೋ ಕಿವಿಯ ಮೇಲಿನ ನವಿರು ಕೂದಲು ಸಹ ಕಂಡಿತು. ಉಗುರು ಕಂಡಿತು. ಅವನು ಆಕಳಿಸಿದರೆ ಕೆಂಪು ಕಿರುನಾಲಗೆ ಕಂಡಿತು. ನಾನು ಓದಿದ್ದು ಮೂರನೇ ಕ್ಲಾಸು. ಆ ಸಂತೋಷ ಹೇಳುವಷ್ಟು ಮಾತು ನನ್ನಲ್ಲಿಲ್ಲ. ಮನೆಯಿಂದ ಬೀದಿಗೂ, ಬೀದಿಯಿಂದ ಮನೆಗೂ ಓಡಾಡಿದೆ. ದಾರಿಯಲ್ಲಿ ಹೋಗುವ ಗಾಡಿಯವನನ್ನೂ ನಿಲ್ಲಿಸಿ "ಗಂಡು ಮಗು ಕಣಯ್ಯ, ಬಂದು ನೋಡು, ದೀಪ ಐತೆ, ಚೆನ್ನಾಗಿ ಕಾಣ್ತದೆ" ಎಂದು ಕರೆದೆನಂತೆ. ನಮ್ಮಾಕೆ ಈಗಲೂ ಆಡಿಕೊಂಡು ನಗುತ್ತಾಳೆ.

ಆದರೆ ಆ ಸಂತೋಷವನ್ನು ನೆನೆದಾಗಲೆಲ್ಲ ಮುದ್ದೆ ನುಂಗುವಾಗ ಕಲ್ಲು ಸಿಕ್ಕಿದ ಹಾಗೆ ಒಂದು ಮಾತು ಗಂಟಲಿಗೆ ಸಿಕ್ಕಿಕೊಳ್ಳುತ್ತದೆ. ಅದು ನಾನೇ ಆಡಿದ ಮಾತು.

ಆಗ ಯುದ್ಧದ ಕಾಲ. ಸೀಮೆಎಣ್ಣೆ ಸಿಗುವುದು ಕಷ್ಟವಾಗಿತ್ತು. ಕೋಲಾರದ ಪೇಟೆಯಲ್ಲಿ ನನ್ನದು ಹಗ್ಗ ಮತ್ತು ಮಂಕರಿಯ ಅಂಗಡಿ. ಮಾವಿನ ಕಾಲದಲ್ಲಿ ಶ್ರೀನಿವಾಸಪುರದ ಕಡೆಯ ತೋಪಿನವರು ಹಣ್ಣು ತುಂಬುವ ಮಂಕರಿಗೆ ಬರುತ್ತಿದ್ದರು. ಉಳಿದ ದಿನ ಬಾವಿ ಹಗ್ಗ, ಎತ್ತು ಕಟ್ಟಿ ಬಾವಿಯಿಂದ ನೀರೆತ್ತುವ ಕಪಿಲೆಯ ಹಗ್ಗ. ಅಂಗಡಿಯ ಹಿಂದೆಯೇ ಮನೆ. ಮನೆಯ ಹಿತ್ತಿಲಲ್ಲಿ ನಮ್ಮಪ್ಪನ ಕಾಲದ ಒಂದು ಹೊಂಗೆ ಮರ. ಅದರ ಕಾಯಿ ಬಡಿದು, ಕಾಳು ಬಿಡಿಸಿ ಕೊಟ್ಟರೆ ಗಾಣದ ಎಣ್ಣೆಯಮ್ಮ ಅರೆದು ಎಣ್ಣೆ ತಂದುಕೊಡುತ್ತಿದ್ದಳು. ಕೂಲಿಗೆ ಬದಲು ಹಿಂಡಿಯನ್ನು ಆಕೆಯೇ ಇಟ್ಟುಕೊಳ್ಳುತ್ತಿದ್ದಳು. ರಾಗಿ ಹೊಲದ ನಡುನಡುವೆ ಬಿತ್ತುವ ಅಕ್ಕಡಿ ಸಾಲಿನಲ್ಲಿ ಬಂದ ಹರಳಿಗೂ ಅದೇ ಲೆಕ್ಕ. ನಮ್ಮ ಮನೆಯ ದೀಪ ಉರಿಯುತ್ತಿದ್ದುದು ಆಕೆಯ ಎತ್ತಿನ ಕಾಲಿನಿಂದ ಎಂದರೆ ತಪ್ಪಿಲ್ಲ.

ಗಂಡ ಸತ್ತ ಮೇಲೆ ಆಕೆ ಒಬ್ಬಳೇ, ಒಂದೇ ಎತ್ತು ಕಟ್ಟಿಕೊಂಡು ಗಾಣ ನಡೆಸುತ್ತಿದ್ದಳು. ತಿನ್ನುವ ಎಣ್ಣೆಗೆ ಜನ ಆಗಲೇ ಮಿಲ್ಲಿನ ದಾರಿ ಹಿಡಿದಿದ್ದರು. ಆಕೆಗೆ ಉಳಿದಿದ್ದುದು ದೀಪದ ಎಣ್ಣೆಯೊಂದೇ. ನಮ್ಮ ಬೀದಿಗೆ ಕಂಬ ಬಂದು, ತಂತಿ ಎಳೆದು, ಒಂದೊಂದೇ ಮನೆಯಲ್ಲಿ ಬುರುಡೆ ದೀಪ ಹತ್ತತೊಡಗಿದಾಗ ಅದೂ ಸೋರಿಹೋಗತೊಡಗಿತು. ಸುಗಟೂರಿನ ಒಬ್ಬ ರೈತ ಆಕೆಯ ಎತ್ತಿನ ಮೇಲೆ ಕಣ್ಣಿಟ್ಟು, ಸಂತೆಗೆ ಬಂದಾಗಲೆಲ್ಲ ಕೇಳಿ ಹೋಗುತ್ತಿದ್ದ. "ನಿಮ್ಮನೆ, ಆ ಮೂಲೆ ಮನೆ, ಎರಡು ಮನೆ ಇದ್ರೂ ಸಾಕಣ್ಣಾ, ನಾನು ಗಾಣ ನಿಲ್ಸಲ್ಲ. ಎತ್ತು ಹೋದ್ರೆ ನಾನು ಬೈರಕೂರಿಗೆ ತಮ್ಮನ ಮನೆ ಸೇರ್ಬೇಕು. ಅವನ ಹೆಣ್ತಿ ಕೈಲಿ ಉಣ್ಣೋದಕ್ಕಿಂತ ಎತ್ತಿನ ಹಿಂದೆ ಸುತ್ತೋದೇ ಮೇಲು" ಎನ್ನುತ್ತಿದ್ದಳು.

ಮೂಲೆ ಮನೆಯವರೂ ತಂತಿ ಎಳೆಸಿದರು. ಉಳಿದವರು ನಾವು.

ಆಗಲೇ ಮಗಳು ಮುಳಬಾಗಿಲಿನಿಂದ ಚೊಚ್ಚಲ ಹೆರಿಗೆಗೆ ಬಂದಳು. ಬಾಣಂತಿ ಕೋಣೆ ಎಂದು ನಾವು ಇಟ್ಟುಕೊಂಡಿದ್ದ ಕೋಣೆಗೆ ಕಿಟಕಿ ಇಲ್ಲ. ಹಗಲೂ ಹಣತೆ ಬೇಕು. ಮಗಳು ಕೆಮ್ಮತೊಡಗಿದಳು. "ಅಪ್ಪಾ, ಈ ಹೊಗೇಲಿ ಮಗೂನ ಹೆಂಗೆ ಮಲಗಿಸ್ಲಿ?" ಎಂದು ಒಂದೇ ಮಾತು ಕೇಳಿದಳು. ಅಷ್ಟೇ ಸಾಕಾಯಿತು. ನಾನು ತಂತಿಯವರ ಹಿಂದೆ ತಿರುಗಿ ಎರಡು ಬುರುಡೆ ಹಾಕಿಸಿದೆ, ನಡುಮನೆಗೊಂದು, ಆ ಕೋಣೆಗೊಂದು. ಮಗಳಿಗಾಗಿ ಹಾಕಿಸಿದೆ ಎಂದು ಎಲ್ಲರಿಗೂ ಹೇಳಿದೆ. ನಿಜವೇ. ಆದರೆ ಮೊದಲ ಸಂಜೆ ಗುಂಡಿ ಒತ್ತಿ, ನಾನು ಎದುರು ಮನೆ ಜಗಲಿಯ ಮೇಲೆ ಹೋಗಿ ಕೂತು, ನನ್ನ ಮನೆಯನ್ನು ಯಾರದೋ ಮನೆಯ ಹಾಗೆ ನೋಡುತ್ತ ನೋಡುತ್ತ ಊಟದ ಹೊತ್ತು ಮೀರಿಸಿದ್ದು ಯಾವ ಮಗಳಿಗಾಗಿಯೂ ಅಲ್ಲ.

ಮಾರನೇ ದಿನ ಬೆಳಗ್ಗೆ ನಮ್ಮಾಕೆ ಎಣ್ಣೆ ಗಡಿಗೆಯನ್ನು ತಂದು ನನ್ನ ಮುಂದೆ ಇಟ್ಟಳು.

"ಎಣ್ಣೆಯಮ್ಮಂಗೆ ಯಾರು ಹೇಳೋದು?"

"ನೀನೇ ಹೇಳು. ಹೆಂಗಸರು ಹೆಂಗಸರು."

"ಆಹಾ! ದೀಪ ನೀವು ತಂದ್ರಿ. ಬೀದೀಲಿ ಹೋಗೋರನ್ನೆಲ್ಲ ಕರೆದು ತೋರ್ಸೋಕೆ ನೀವು. ಎಣ್ಣೆ ಬೇಡ ಅನ್ನೋ ಕೆಟ್ಟ ಮಾತಿಗೆ ಮಾತ್ರ ನಾನಾ? ಆಕೆ ನನ್ನ ಮದುವೆ ದೀಪಕ್ಕೆ ಎಣ್ಣೆ ಹುಯ್ದೋಳು. ನನ್ನ ಬಾಯಲ್ಲಿ ಬರಲ್ಲ, ಹೋಗಿ."

ಅವಳು ಹೇಳಿದ್ದು ಸರಿ. ಎಣ್ಣೆ, ಅಕ್ಕಿ, ಉಪ್ಪು, ಅರಿಸಿನ ಇವುಗಳನ್ನು ಬೇಡ ಎನ್ನಬಾರದು, ಇಲ್ಲ ಎನ್ನಬಾರದು, ಮುಗಿಯಿತು ಎಂದಂತೂ ಅನ್ನಲೇಬಾರದು. ನಮ್ಮ ಮನೆಯಲ್ಲಿ ಅಕ್ಕಿ ಮುಗಿದರೆ "ಅಕ್ಕಿ ತರಬೇಕು" ಎನ್ನುತ್ತಾರೆ, ಮುಗಿಯಿತು ಎನ್ನುವುದಿಲ್ಲ. ಅದರಲ್ಲೂ ಹೆರಿಗೆ ಹತ್ತಿರ ಬಂದ ಮನೆ. ನಾನು ಎರಡು ದಿನ ಯೋಚನೆ ಮಾಡಿದೆ. ಬೇಡ ಎನ್ನದೆ ಬೇಡ ಎಂದು ಹೇಳುವುದು ಹೇಗೆ? ಕೊನೆಗೆ ಹೊಳೆಯಿತು. ನಮ್ಮ ಮನೆಯಲ್ಲಿ ಎಣ್ಣೆ ತುಂಬಿದೆ ಎನ್ನುವುದು. ಕೇಳುವುದಕ್ಕೂ ಮಂಗಳ. ತುಂಬಿದ ಮನೆಗೆ ಮತ್ತೆ ಯಾರು ಸುರಿಯುತ್ತಾರೆ? ಆಕೆಗೇ ತಿಳಿಯುತ್ತದೆ.

ಅಲ್ಲಿಗೇ ಬಿಟ್ಟಿದ್ದರೆ ಚೆನ್ನಾಗಿತ್ತು. ಆಕೆ ಮನೆಯಲ್ಲಿ ತೆಲುಗು ಆಡುವವಳು. ನಮ್ಮೊಡನೆ ಕನ್ನಡವನ್ನೇ ಆಡಿದರೂ ಎತ್ತಿನ ಹತ್ತಿರ, ದೇವರ ಹತ್ತಿರ ತೆಲುಗೇ. ಕಹಿ ಮಾತನ್ನು ಆಕೆಯ ಭಾಷೆಯಲ್ಲೇ ಹೇಳಿದರೆ ಸ್ವಲ್ಪ ಸಿಹಿಯಾದೀತು ಎಂದು ನನಗೆ ಅನ್ನಿಸಿತು. ನನ್ನ ತೆಲುಗು ಅಂಗಡಿ ತೆಲುಗು. ಆಂಧ್ರದ ಕಡೆಯ ಗಾಡಿಯವರು ಮಂಕರಿ ಹೇರಿದ ಮೇಲೆ "ಬಂಡಿ ನಿಂಡಿಂದಿ" ಎನ್ನುತ್ತಿದ್ದರು, ಗಾಡಿ ತುಂಬಿತು ಎಂದು. ಹೆಂಗಸರ ಬಾಯಲ್ಲಿ "ನಿಂಡುಕುಂದಿ" ಎಂಬ ಮಾತನ್ನೂ ಕೇಳಿದ್ದೆ. ನಾವು ಬಾ ಎನ್ನುವುದಕ್ಕಿಂತ ಬನ್ನಿ ಎನ್ನುವುದು ಮೇಲಲ್ಲವೇ, ಇದೂ ಹಾಗೆ ಉದ್ದವಾದ, ಮರ್ಯಾದೆಯ ಮಾತು ಎಂದುಕೊಂಡೆ.

ಎಣ್ಣೆಯಮ್ಮ ಬರುತ್ತಿದ್ದುದು ಹಿತ್ತಿಲ ಬಾಗಿಲಿಗೆ. ತಂತಿ ಬಂದದ್ದು ಬೀದಿಯ ಕಡೆಯಿಂದ. ಹಾಗಾಗಿ ಆಕೆಯ ಕಣ್ಣಿಗೆ ಏನೂ ಬಿದ್ದಿರಲಿಲ್ಲ. ಅಂದು ನಾನು ಅಂಗಡಿ ಬಿಟ್ಟು ಹೊಂಗೆ ಮರದ ಕೆಳಗೆ ಕಾದು ನಿಂತಿದ್ದನ್ನು ನೋಡಿ ಆಕೆಗೆ ನಗು.

"ಏನಣ್ಣಾ, ಹಿತ್ತಿಲಿಗೆ ಕಾವಲಾ? ಹೆಣ್ತಿ ಆಚೆಗೆ ಅಟ್ಟಿದ್ಲಾ?"

"ಹಂಗೇನಿಲ್ಲಮ್ಮ. ಒಂದು ಮಾತಿತ್ತು."

"ಬಿರ್ರನೆ ಹೇಳು. ಎತ್ತು ನೊಗದಲ್ಲೇ ನಿಂತೈತೆ."

ನಾನು ಕೈಕಟ್ಟಿಕೊಂಡು, ಗಂಟಲು ಸರಿಮಾಡಿಕೊಂಡು, ನಮ್ಮ ಮನೆಯಲ್ಲಿ ಎಣ್ಣೆ ತುಂಬಿದೆ ಎಂಬುದನ್ನು ತೆಲುಗಿನಲ್ಲಿ ಒಪ್ಪಿಸಿದೆ. "ಅಮ್ಮಾ, ಮಾ ಇಂಟ್ಲೋ ನೂನೆ ನಿಂಡುಕುಂದಿ."

ಆಕೆ ಕೆನ್ನೆಯ ಮೇಲೆ ಕೈ ಇಟ್ಟುಕೊಂಡಳು. ಆಮೇಲೆ ಆಡಿದ ಮಾತು ಈಗಲೂ ನನ್ನ ಕಿವಿಯಲ್ಲಿದೆ. "ಅದಕ್ಯಾಕಣ್ಣಾ ಇಷ್ಟು ಸಂಕೋಚ? ನಮ್ಮ ನಿಮ್ಮಲ್ಲಿ ಬಾಯಿಬಿಟ್ಟು ಹೇಳೋಕೆ ನಾಚಿಕೆ ಏನು? ನೀನೇನೂ ಮನಸ್ಸಿಗೆ ಹಚ್ಕೋಬೇಡ. ನಾನು ನೋಡ್ಕೋತೀನಿ."

ಎಂಥ ದೊಡ್ಡ ಮನಸ್ಸು ಎಂದು ನನ್ನ ಕಣ್ಣಲ್ಲಿ ನೀರೇ ಬಂತು. ಒಳಗೆ ಹೋಗಿ ನಮ್ಮಾಕೆಗೆ ಹೇಳಿದೆ. "ನೋಡು, ನೀನು ಅಷ್ಟು ಹೆದರಿದ್ದೆ. ಒಂದೇ ಮಾತಲ್ಲಿ ಮುಗಿಸಿಬಿಟ್ಟೆ. ಆಕೆ ನನಗೇ ಸಮಾಧಾನ ಹೇಳಿದ್ಲು."

"ಏನಂದ್ರಿ ನೀವು?"

"ಅದೆಲ್ಲ ನಿನಗ್ಯಾಕೆ, ಗಂಡಸರ ಮಾತು" ಎಂದು ಜಂಬದಿಂದ ಅಂಗಡಿಗೆ ಹೋದೆ. ಅವಳಿಗೆ ಆಗಲೇ ಹೇಳಿದ್ದರೆ ಆ ಪದಕ್ಕೇ ತಲೆ ಚಚ್ಚಿಕೊಂಡು ಹಿಂದೆಯೇ ಓಡುತ್ತಿದ್ದಳು. ಯಾಕೆಂದರೆ ಅಕ್ಕಪಕ್ಕದ ತೆಲುಗಿನ ಹೆಂಗಸರೊಡನೆ ಬೆಳೆದ ಅವಳಿಗೆ ಗೊತ್ತಿತ್ತು, ನನಗೆ ಗೊತ್ತಿರಲಿಲ್ಲ. ಅವರೂ ನಮ್ಮ ಹಾಗೆಯೇ ಮುಗಿಯಿತು ಎನ್ನುವುದಿಲ್ಲ. ಅಕ್ಕಿ, ಎಣ್ಣೆ ಪೂರಾ ತೀರಿಹೋಗಿ ಗಡಿಗೆ ಬೋರಲು ಹಾಕಿದಾಗ ಅವರು ಆಡುವ ಮಾತೇ "ನಿಂಡುಕುಂದಿ." ತುಂಬಿಕೊಂಡಿತು ಎಂದರೆ ಬರಿದಾಯಿತು ಎಂದು.

ನಾನು ಬೇಡ ಎಂದು ಹೇಳಿ ಬಂದೆ. ಆಕೆ ಕೇಳಿಸಿಕೊಂಡಿದ್ದು, ಬಸುರಿ ಮಗಳನ್ನು ಇಟ್ಟುಕೊಂಡ ಮನೆಯಲ್ಲಿ ಒಂದು ತೊಟ್ಟು ಎಣ್ಣೆ ಇಲ್ಲ ಎಂದು.

ಅದಾದ ಮೇಲೆ ಮಗು ಹುಟ್ಟಿತು. ನಾನು ಆಗಲೇ ಹೇಳಿದೆನಲ್ಲ, ನನಗೆ ನೆಲ ಕಾಣುತ್ತಿರಲಿಲ್ಲ. ಮಗುವಿಗೆ ಎಣ್ಣೆನೀರು ಹಾಕುವ ದಿನ ಬೆಳಗ್ಗೆ ಹಿತ್ತಿಲಲ್ಲಿ ಗೊರಸಿನ ಸದ್ದು ಕೇಳಿಸಿತು. ಹೋಗಿ ನೋಡುತ್ತೇನೆ, ಎಣ್ಣೆಯಮ್ಮ. ಜೊತೆಗೆ ಎತ್ತು. ಎತ್ತಿನ ಬೆನ್ನಿನ ಎರಡೂ ಕಡೆ ಗೋಣಿ ಸುತ್ತಿ ಕಟ್ಟಿದ ದೊಡ್ಡ ಗಡಿಗೆಗಳು. ಆಕೆಯ ಕೈಯಲ್ಲಿ ಒಂದು ಸಣ್ಣ ತಂಬಿಗೆ.

"ತಡ ಆಯ್ತು ಕಣಣ್ಣಾ, ಬೈಕೋಬೇಡ. ನೀವು ಕೊಟ್ಟಿದ್ದ ಕಾಳು ಸಾಲ್ಲಿಲ್ಲ. ನನ್ನ ಹತ್ರ ಇದ್ದಿದ್ದೂ ಸೇರಿಸಿ ಗಾಣಕ್ಕೆ ಹಾಕ್ದೆ. ಇದು ಹೊಂಗೆ ಎಣ್ಣೆ, ಇನ್ನು ದೀಪಾವಳಿ ತನಕ ಯೋಚ್ನೆ ಬೇಡ. ಇದು ಹರಳೆಣ್ಣೆ, ಕೂಸಿನ ನೆತ್ತಿಗೆ. ಎಲ್ಲೈತೆ ನಮ್ಮಪ್ಪ? ತೋರ್ಸು."

ನನಗೆ ಇನ್ನೂ ಅರ್ಥವಾಗಿರಲಿಲ್ಲ. ಸಂತೋಷಕ್ಕೆ ಉಡುಗೊರೆ ತಂದಿದ್ದಾಳೆ ಎಂದೇ ತಿಳಿದು ಕೈ ಹಿಡಿದು ಎಳೆಯುವುದೊಂದು ಬಾಕಿ, ಹಾಗೆ ಒಳಗೆ ಕರೆದುಕೊಂಡು ಹೋದೆ. ಕೋಣೆಯ ಬಾಗಿಲಿಗೆ ಬಂದವಳು ಹೊಸ್ತಿಲ ಮೇಲೆ ನಿಂತುಬಿಟ್ಟಳು. ಮಗುವನ್ನು ನೋಡಲಿಲ್ಲ. ತಲೆ ಎತ್ತಿ ಬುರುಡೆ ದೀಪ ನೋಡಿದಳು.

"ಯಾವಾಗ ಹಾಕ್ಸಿದ್ರಿ?"

ಮಗಳು ಹೇಳಿದಳು. "ನಾನು ಬಂದ ಹೊಸದರಲ್ಲೇ ಎಣ್ಣೆಯಮ್ಮ. ಹೊಗೆಗೆ ಕೆಮ್ಮು ಬರ್ತಿತ್ತು ನೋಡು, ಅದಕ್ಕೆ."

ಆಕೆ ಮೆಲ್ಲಗೆ ನನ್ನ ಕಡೆ ತಿರುಗಿದಳು. "ಅಂಗಾದ್ರೆ ನೂನೆ ನಿಂಡುಕುಂದಿ ಅಂದ್ಯಲ್ಲಣ್ಣಾ ಅವತ್ತು..." ಆಮೇಲೆ ಕೇಳಿದಳು. "ಅದನ್ನ ಕನ್ನಡದಲ್ಲಿ ಅಂದ್ಯಾ?"

ನಮ್ಮಾಕೆ ಬಾಯಿಗೆ ಸೆರಗು ಒತ್ತಿಕೊಂಡಳು. "ಅಯ್ಯೋ ದೇವರೇ! ಅದನ್ನಾ ಅಂದಿದ್ದು ನೀವು?"

ಮೊದಲು ನಕ್ಕವಳು ಎಣ್ಣೆಯಮ್ಮನೇ. ಬಾಗಿಲ ಚೌಕಟ್ಟು ಹಿಡಿದುಕೊಂಡು ನಕ್ಕಳು. ಮಗಳು ಹೊಟ್ಟೆ ಹಿಡಿದುಕೊಂಡು "ನಗಿಸ್ಬೇಡಿ, ನೋಯ್ತದೆ" ಎಂದು ನಕ್ಕಳು. ನನಗೆ ವಿಷಯ ಬಿಡಿಸಿ ಹೇಳಿದ ಮೇಲೆ ನಾನೂ ಪೆಚ್ಚಾಗಿ ನಕ್ಕೆ. "ಗಾಡಿಯೋರ ತೆಲುಗು ತಂದು ಅಡಿಗೆಮನೇಲಿ ಹೇರಿದ್ರೆ ಇಂಗೇ ಆಗೋದು" ಎಂದಳು ಆಕೆ.

ನಗು ನಿಂತ ಮೇಲೆ ಕಣ್ಣೊರೆಸಿಕೊಂಡು, ಯಾರಿಗೂ ಅಲ್ಲ ಎಂಬಂತೆ ಹೇಳಿದಳು. "ಸುಗಟೂರಿನೋನು ಹೋದ ಸಂತೇಲೂ ಬಂದಿದ್ದ. ಅಣ್ಣನ ಮನೇಲಿ ಎಣ್ಣೆ ನಿಂಡುಕೊಂಡೈತೆ, ಮೊಮ್ಮಗು ಬರೋ ಹೊತ್ತು, ಈಗ ಎತ್ತು ಹೆಂಗಯ್ಯಾ ಕೊಡ್ಲಿ ಅಂತ ಬೈದು ಕಳಿಸ್ದೆ. ಅವನು ಬೇರೆ ಎತ್ತು ನೋಡ್ಕೊಂಡ್ನೋ ಏನೋ."

ಆಕೆ ಕೂತು, ಕಾಲು ನೀಡಿ, ಮಗುವನ್ನು ಕಾಲ ಮೇಲೆ ಹಾಕಿಕೊಂಡಳು. ಅಂಗೈಗುಳಿಯಲ್ಲಿ ಹರಳೆಣ್ಣೆ ಹುಯ್ದುಕೊಂಡು ನೆತ್ತಿಗೆ ಒತ್ತಿ, ತೆಲುಗಿನಲ್ಲಿ ಏನೋ ಹರಸಿದಳು. ಅವಳ ಬೆರಳು ಬಿದ್ದಲ್ಲೆಲ್ಲ ಮಗುವಿನ ಮೈ ಮಿಂಚಿತು. ಅಷ್ಟು ಚೆನ್ನಾಗಿ ಕಂಡದ್ದು ಕರೆಂಟು ದೀಪ ಇದ್ದದ್ದರಿಂದ. ನನಗೆ ಸಂತೋಷಪಡಬೇಕೋ, ಆ ದೀಪಕ್ಕೆ ಬೆನ್ನು ತಿರುಗಿಸಿ ನಿಲ್ಲಬೇಕೋ ತಿಳಿಯಲಿಲ್ಲ.

ಹೊರಡುವಾಗ ಗಡಿಗೆಗಳನ್ನು ಮತ್ತೆ ಎತ್ತಿನ ಮೇಲೆ ಕಟ್ಟಲು ಹೋದೆ. ಆಕೆ ಕೈ ತಡೆದಳು. "ಬಾಣಂತಿ ಮನೆಯಿಂದ ಎಣ್ಣೆ ಆಚೆಗೆ ಹೋಗ್ಬಾರ್ದು. ಇಟ್ಕೋ."

ಆ ಸಂಜೆ ನನಗೆ ತಲೆ ಕೆಟ್ಟಿತು ಎಂದೇ ಹೇಳಬೇಕು. ಮಾಡಿನಲ್ಲಿದ್ದ ಹಣತೆಗಳನ್ನೆಲ್ಲ ಇಳಿಸಿ, ಬತ್ತಿ ಹೊಸೆದು, ಗೂಡಿಗೆ, ಹೊಸ್ತಿಲಿಗೆ, ಜಗಲಿಯುದ್ದಕ್ಕೂ ಹಚ್ಚಿದೆ. ಬುರುಡೆ ದೀಪವೂ ಉರಿಯುತ್ತಿತ್ತು. ಎಣ್ಣೆ ಬೇಗ ಮುಗಿದರೆ ಮತ್ತೆ ಆಕೆಗೆ ಹೇಳಿ ಕಳಿಸಬಹುದು, ಈ ಸಲ ಸರಿಯಾದ ಅರ್ಥದಲ್ಲೇ ನಿಂಡುಕುಂದಿ ಎನ್ನಬಹುದು ಎಂಬುದು ನನ್ನ ಲೆಕ್ಕ. ಎದುರು ಮನೆಯವನು ಜಗಲಿಯಿಂದಲೇ ಕೂಗಿದ. "ಏನ್ಲಾ, ನಿಮ್ಮನೇಗೆ ಕಾರ್ತೀಕ ಮುಂಚೇನೇ ಬಂತಾ? ಕರೆಂಟು ಕಾಣಲ್ಲ ಅಂತ ದೀಪ ಹಚ್ಚಿ ಹುಡುಕ್ತಿದ್ದೀಯಾ?"

ಅಷ್ಟರಲ್ಲಿ ಹೊಗೆ ಒಳಗೆ ಸುತ್ತಿಕೊಂಡಿತು. ಮಗು ಸೀನಿತು, ಆಮೇಲೆ ಕೆಮ್ಮಿತು. ಕಡಲೆಕಾಯಿಯಷ್ಟು ಮೂಗಿನಿಂದ ಬಂದ ಆ ಸದ್ದಿಗೆ ನನ್ನ ಜೀವ ಹಾರಿಹೋಯಿತು. ನಮ್ಮಾಕೆ ದಡದಡ ಬಂದು ಒಂದೊಂದೇ ಹಣತೆಯ ಬತ್ತಿ ಎಳೆದಳು. ಆ ಕೋಪದಲ್ಲೂ ಆರಿಸುತ್ತೇನೆ ಎನ್ನಲಿಲ್ಲ. "ದೊಡ್ಡದು ಮಾಡ್ತೀನಿ, ಎಲ್ಲಾನೂ ದೊಡ್ಡದು ಮಾಡ್ತೀನಿ. ಆಕೆ ಎಣ್ಣೆ ಸುಟ್ಟುಬಿಟ್ರೆ ಆಕೆ ಗಾಣ ತಿರುಗ್ತದಾ? ನಿಮ್ಮ ಸಮಾಧಾನಕ್ಕೆ ಕೂಸಿನ ಎದೆ ಕಟ್ಟಿಸ್ತೀರಾ?"

ನಾನು ಮಾರನೇ ದಿನ ಗಾಣಕ್ಕೆ ಹೋದೆ. ದೇವರ ದೀಪಕ್ಕೆ ಯಾವಾಗಲೂ ನಿನ್ನ ಎಣ್ಣೆಯೇ ಎಂದೆ. ಆಕೆ ಎತ್ತಿನ ಕಣ್ಣುಪಟ್ಟಿ ಬಿಚ್ಚುತ್ತ ಹೇಳಿದಳು. "ದೇವರ ದೀಪಕ್ಕೆ ಎತ್ತು ಎಷ್ಟು ಸುತ್ತು ಬರ್ಬೇಕಣ್ಣಾ? ಅರ್ಧ ಸುತ್ತಾ? ಉಳಿದರ್ಧಕ್ಕೆ ಹುಲ್ಲು ಯಾರು ಹಾಕೋರು?" ಕೋಪ ಇರಲಿಲ್ಲ. ಅದೇ ಕಷ್ಟವಾದದ್ದು. ಬೈದಿದ್ದರೆ ನಾನೂ ಒಂದು ಮಾತು ಆಡಿ ಹಗುರಾಗುತ್ತಿದ್ದೆ.

ಸುಗಟೂರಿನವನು ಬೇರೆ ಎತ್ತು ಕೊಂಡಿರಲಿಲ್ಲ. ಆಕೆಯ ಎತ್ತನ್ನೇ ಕೊಂಡು ಹೊಡೆದುಕೊಂಡು ಹೋದ. ಎಣ್ಣೆಯಮ್ಮ ಬೈರಕೂರಿಗೆ ತಮ್ಮನ ಮನೆಗೆ ಹೋದಳು. ನಾನು ಅಂಗಡಿಯಲ್ಲಿದ್ದೆ. ಆಕೆ ಬಂದು ಮಗುವನ್ನು ಎತ್ತಿಕೊಂಡು, ನಮ್ಮಾಕೆಗೆ ಹೇಳಿ ಹೋದಳಂತೆ. ಹಿತ್ತಿಲ ಬಾಗಿಲಿಂದಲೇ ಬಂದು, ಹಿತ್ತಿಲ ಬಾಗಿಲಿಂದಲೇ.

ಆಮೇಲೊಂದು ದಿನ ಕಪಿಲೆ ಹಗ್ಗ ಕೊಡಲು ಸುಗಟೂರಿಗೆ ಹೋಗಬೇಕಾಯಿತು. ಹಗ್ಗ ಬೇಕಾಗಿದ್ದುದು ಅದೇ ರೈತನಿಗೆ. ಕಪಿಲೆಯ ಎತ್ತು ಬಾವಿಯಿಂದ ಇಳಿಜಾರಿನಲ್ಲಿ ನೆಟ್ಟಗೆ ಇಳಿದು, ಹಾಗೇ ಹಿಂದಕ್ಕೆ ಹೆಜ್ಜೆ ಹಾಕಬೇಕು. ಎಣ್ಣೆಯಮ್ಮನ ಎತ್ತು ನೆಟ್ಟಗೇನೋ ಇಳಿಯಿತು. ಕೊನೆ ಮುಟ್ಟಿದ ಕೂಡಲೇ ಕತ್ತು ಎಡಕ್ಕೆ ಹೊರಳಿಸಿ ಸುತ್ತಲು ಹೊರಟಿತು. ಜೋಡಿಯ ಎತ್ತು ತಡವರಿಸಿತು. ನೀರೆಲ್ಲ ಬಾವಿಗೇ ಸುರಿಯಿತು.

"ನೋಡಿ ಯಜಮಾನ್ರೇ, ಗಾಣದ ಬುದ್ಧಿ! ಹೊಡೆದ್ರೂ ಬಿಡಲ್ಲ" ಎಂದು ರೈತ ನಕ್ಕ.

"ಹೊಡೀಬೇಡಪ್ಪಾ" ಎಂದೆ. ಹಗ್ಗ ಇಳಿಸಿ, ಮಜ್ಜಿಗೆಗೂ ನಿಲ್ಲದೆ ಬಂದುಬಿಟ್ಟೆ.

ಮಗಳು ಇನ್ನೂ ನಮ್ಮಲ್ಲೇ ಇದ್ದಾಗ, ಬೈರಕೂರು ಕಡೆಯ ಬಸ್ಸಿನ ಕಂಡಕ್ಟರು ಒಂದು ಬಾಟಲಿಯನ್ನು ಅಂಗಡಿಗೆ ತಂದು ಕೊಟ್ಟ. ಹರಳೆಣ್ಣೆ. ಗಾಣ ಇಲ್ಲದ ಊರಲ್ಲಿ, ನಾದಿನಿಯ ಒಲೆಯ ಮುಂದೆ ಕೂತು, ಹರಳು ಕುಟ್ಟಿ ಕಾಯಿಸಿದ್ದು. ಎಣ್ಣೆಗೆ ಸ್ವಲ್ಪ ಕರಿ ಬಣ್ಣ ಹಿಡಿದಿತ್ತು.

"ಆಯಮ್ಮ ಕೂಸಿನ ನೆತ್ತಿಗೆ ಅಂದ್ಲು. ಕೂಸು ಹೆಂಗೈತೆ ಅಂತ ಕೇಳ್ಕೊಂಡು ಬಾ ಅಂದ್ಲು. ಏನು ಹೇಳ್ಲಿ?"

ಅದು ಇದ್ದಿಲಿನ ಗ್ಯಾಸಿನಿಂದ ಓಡುವ ಬಸ್ಸು. ಹಿಂದೆ ಕಟ್ಟಿದ್ದ ಒಲೆಯನ್ನು ಕೆದಕಿ ಕೆದಕಿ, ಡ್ರೈವರು ಆಗತಾನೆ ಹೊರಡಿಸುತ್ತಿದ್ದ. ನಾನು ಬಾಟಲಿಯನ್ನು ಎದೆಗೆ ಒತ್ತಿಕೊಂಡು ನಿಂತೆ. ಹೇಳಬೇಕಾದ್ದು ಬೇಕಾದಷ್ಟಿತ್ತು. ತಪ್ಪಾಯಿತು ಎನ್ನಬೇಕಿತ್ತು. ಆದರೆ ಕೂಸು ಹೇಗಿದೆ ಎಂದು ಕೇಳಿದರೆ ನನಗೆ ಬೇರೆ ಮಾತು ಮರೆತೇಹೋಗುತ್ತದೆ. ಆ ವೇಳೆಗೆ ಅವನ ತೊಡೆಯಲ್ಲಿ ಮಡಿಕೆ ಬಿದ್ದಿದ್ದವು, ಕೆನ್ನೆ ಇಳಿಬಿದ್ದಿದ್ದವು.

"ಚೆನ್ನಾಗಿ ಮೈ ತುಂಬ್ಕೊಂಡಿದ್ದಾನೆ ಅಂತ ಹೇಳಪ್ಪಾ! ಎಲ್ಲ ಆಕೆ ಎಣ್ಣೆ ಅಂತ ಹೇಳು!"

"ಆಗ್ಲಿ" ಎಂದು ಅವನು ಓಡಿ ಮೆಟ್ಟಿಲು ಹತ್ತಿದ. ಬಸ್ಸು ಹೊಗೆ ಕಾರುತ್ತ ಹೊರಟಿತು. ಅವನದೂ ನನ್ನ ಹಾಗೆ ಅಂಗಡಿ ತೆಲುಗು. ಬಾಗಿಲಲ್ಲಿ ಜೋತುಬಿದ್ದು, ಮರೆಯದಿರಲೆಂದು ಬಾಯಿಪಾಠ ಮಾಡಿಕೊಳ್ಳುತ್ತಿದ್ದುದು ನನಗೆ ಕೇಳಿಸಿತು. "ಪಿಲ್ಲೋಡು ನಿಂಡುಕುನ್ನಾಡು... ಪಿಲ್ಲೋಡು ನಿಂಡುಕುನ್ನಾಡು..."

ಪಿಲ್ಲೋಡು ಎಂದರೆ ಹುಡುಗ, ಉಳಿದ ಮಾತು ಆಕೆಯ ಕಿವಿಗೆ ಹೇಗೆ ಬೀಳುತ್ತದೆ ಎಂದು ಈಗ ನನಗೆ ಗೊತ್ತಿತ್ತು. ಒಂದು ಕೈಯಲ್ಲಿ ಬಾಟಲಿ, ಒಂದು ಕೈಯಲ್ಲಿ ಪಂಚೆ ಹಿಡಿದು ಪೇಟೆಬೀದಿಯಲ್ಲಿ ಬಸ್ಸಿನ ಹಿಂದೆ ಓಡಿದೆ.

"ಕನ್ನಡದಲ್ಲೇ ಹೇಳಪ್ಪಾ! ಲೇ, ನಿಂತ್ಕೊಳೋ! ಕನ್ನಡದಲ್ಲೇ ಹೇಳೋ!"

ಬಸ್ಸಿನಲ್ಲಿದ್ದವರೆಲ್ಲ ಕತ್ತು ಹೊರಗೆ ಹಾಕಿ ನೋಡಿದರು.